ಒಂದು ವೀಸಾ, ಇಬ್ಬರು ಹುಡುಗರು

ಕಾರಿನ ಬಾಗಿಲು ತೆರೆದದ್ದೇ ತಡ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ಥಿನ್ನರಿನ ಘಾಟು, ಬಿಸಿಲಿಗೆ ಕಾದ ತಗಡು, ತಗ್ಗು ತುಂಬುವ ಪುಟ್ಟಿ, ಅದರ ನಡುವೆ ಯಾರೋ ಕುದಿಸುತ್ತಿದ್ದ ಏಲಕ್ಕಿ ಚಹಾ. ಸಲ್ಮಾಬಾದಿನ ಗ್ಯಾರೇಜು ಓಣಿಯಲ್ಲಿ ನನ್ನ ಕಣ್ಣಿಗೆ ಒಂದು ಕಟ್ಟಡದ ಗುರುತೂ ಸಿಗಲಿಲ್ಲ. ಮೂಗಿಗೆ ಮಾತ್ರ ಎಲ್ಲವೂ ಸಿಕ್ಕಿತು. ನಾನು ಅಲ್ಲೇ ನಿಂತುಬಿಟ್ಟೆ.

"ಅಜ್ಜ, ಬಿಸಿಲುಂಟು. ಒಳಗೆ ಬನ್ನಿ," ಎಂದಳು ಮೊಮ್ಮಗಳು ಅಶ್ವಿನಿ, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸುತ್ತಾ.

ಈ ಅಶ್ವಿನಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಮುಂದೆ ಬರೆಯಲಿಕ್ಕೇ ಆಗುವುದಿಲ್ಲ. ಅವಳಿಗೆ ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮಂಗಳೂರಿನಲ್ಲಿ ಓದಿ ತನ್ನದೇ ವೀಸಾದಲ್ಲಿ ಬಂದವಳು. ಅದ್ಲಿಯಾದಲ್ಲಿ ಫ್ಲ್ಯಾಟು, ಓಡಾಡಲು ಕಾರು. ನನ್ನನ್ನೂ ನನ್ನ ಹೆಂಡತಿ ಲೀಲಾಳನ್ನೂ ಈಗ ಬಹರೈನಿಗೆ ಕರೆಸಿಕೊಂಡವಳು ಅವಳೇ. ಅವಳ ಹೆಸರಿನಲ್ಲಿ, ಅವಳ ಸಹಿಯಲ್ಲಿ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇದನ್ನು ವಿಮಾನದಲ್ಲಿ ಪಕ್ಕದ ಸೀಟಿನವರಿಗೆ ಹೇಳಿದೆ. ಲಿಫ್ಟಿನಲ್ಲಿ ಸಿಕ್ಕಿದ ಫಿಲಿಪೀನಿ ಹೆಂಗಸಿಗೆ ಕೈಸನ್ನೆಯಲ್ಲಿ ಹೇಳಿದೆ. ಈಗ ಕಾರಿನ ತಗ್ಗು ತೆಗೆಸಲು ಬಂದ ಗ್ಯಾರೇಜಿನಲ್ಲೂ ಹೇಳತೊಡಗಿದೆ. ಗ್ಯಾರೇಜಿನ ಹಮೀದ್ ನಮ್ಮ ಉಳ್ಳಾಲದ ಕಡೆಯ ಬ್ಯಾರಿ. ಅವ ನಗುತ್ತಾ ಕೇಳುತ್ತಿದ್ದ.

"ಅಜ್ಜ, ಪ್ಲೀಸ್. ಅವರಿಗೆ ಡೆಂಟ್ ತೋರಿಸಿದರೆ ಸಾಕು," ಎಂದಳು ಅಶ್ವಿನಿ, ಕಿವಿ ಕೆಂಪು ಮಾಡಿಕೊಂಡು.

ಹಮೀದ್ ಸುತ್ತಿಗೆ ಎತ್ತಿದ. ಟಕ್, ಟಕ್, ಟಕ್. ನಾನು ಬಾಯಿ ಮುಚ್ಚಿದೆ. ಇದೇ ಓಣಿಯಲ್ಲಿ ಇದೇ ಶಬ್ದದ ನಡುವೆ ನಾನು ಉಸಿರು ಬಿಗಿಹಿಡಿದು ಕಳೆದ ಒಂದು ಬೇಸಿಗೆ ಎದುರಿಗೆ ಬಂದು ನಿಂತಿತು.

ಸೌದಿಗೆ ಸಮುದ್ರದ ಮೇಲೆ ಸೇತುವೆ ಕಟ್ಟುತ್ತಿದ್ದ ಕಾಲ ಅದು. ರಸ್ತೆ ತುಂಬ ಲಾರಿ, ಪಿಕಪ್ಪು, ಕ್ರೇನು. ಗಾಡಿ ಹೆಚ್ಚಾದಷ್ಟೂ ಗುದ್ದಾಟ ಹೆಚ್ಚು, ಗುದ್ದಾಟ ಹೆಚ್ಚಾದಷ್ಟೂ ನಮಗೆ ಕೆಲಸ ಹೆಚ್ಚು. ನಾನು ಡೆಂಟರ್. ತಗ್ಗಿದ ತಗಡನ್ನು ಬಡಿದು ಸಮ ಮಾಡುವವ. ಗ್ಯಾರೇಜಿನ ಧಣಿ ಅಬು ಯೂಸುಫ್, ಮುಹರ್ರಖ್ ಕಡೆಯ ಬಹರೈನಿ. ನಾವು ಅರಬಾಬ್ ಎನ್ನುತ್ತಿದ್ದೆವು. ನಮ್ಮನ್ನು ಕರೆಸಿಕೊಂಡ ಕಫೀಲನೂ ಅವರೇ. ಕಫೀಲನ ಸಹಿ ಇಲ್ಲದೆ ಈ ದೇಶಕ್ಕೆ ಬರಲೂ ಆಗದು, ಇರಲೂ ಆಗದು. ಅರಬಾಬ್ ಒಳ್ಳೆಯವರು, ನನಗೆ ಹೆಂಡತಿ ಮಗನನ್ನು ಕರೆಸಲು ಎಷ್ಟೋ ವರ್ಷ ಮೊದಲೇ ಸಹಿ ಹಾಕಿಕೊಟ್ಟಿದ್ದರು. ಮಗ ದಿನೇಶ ಬಂದಾಗ ಇನ್ನೂ ತೊದಲು ಮಾತು. ಮನಾಮದ ಹಳೇ ಓಣಿಯಲ್ಲಿ ಅರಬ್ಬಿ ಹುಡುಗರ ಜೊತೆ ಚೆಂಡು ಒದೆಯುತ್ತಾ ಬೆಳೆದ. ಅವನಿಗೆ ಕನಸು ಬೀಳುತ್ತಿದ್ದುದೂ ಅರಬ್ಬಿಯಲ್ಲೇ ಎಂದು ಲೀಲಾ ನಗುತ್ತಿದ್ದಳು.

ಆದರೆ ಹದಿನೆಂಟು ತುಂಬಿದ ಗಂಡುಮಗ ಅಪ್ಪನ ವೀಸಾದಲ್ಲಿ ಇರುವಂತಿಲ್ಲ. ಕಾನೂನು. ಆಮೇಲೆ ಅವನಿಗೆ ಅವನದೇ ಕೆಲಸ, ಅವನದೇ ಕಫೀಲ ಬೇಕು. ಇಲ್ಲವೆಂದರೆ ಊರಿಗೆ. ದಿನೇಶನಿಗೆ ಆ ವರ್ಷದ ಈದ್ ಮುಗಿದ ಸ್ವಲ್ಪದರಲ್ಲೇ ಹದಿನೆಂಟು. ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತ್ತು, ಕಾಲೇಜಿನ ಮಾತೂ ಇರಲಿಲ್ಲ.

"ಊರಲ್ಲಿ ನಂಗೆ ಯಾರು ಗೊತ್ತುಂಟು ಅಪ್ಪ?" ಎನ್ನುತ್ತಿದ್ದ.

ಅಂಥ ಹೊತ್ತಿನಲ್ಲೇ ನಾನು ಅಕ್ಕನ ಮಗ ಸದಾಶಿವನನ್ನೂ ವಿಸಿಟ್ ವೀಸಾದಲ್ಲಿ ಕರೆಸಿಕೊಂಡದ್ದು. ಗಿರಿಜಕ್ಕನಿಗೆ ಗಂಡ ಇಲ್ಲ. ಇವನೊಬ್ಬನೇ ಮಗ, ದಿನೇಶನಿಗಿಂತ ಸ್ವಲ್ಪ ದೊಡ್ಡವ. ಕಾಪುವಿನಲ್ಲಿ ದೋಣಿಗೆ ಹೋಗಿ ಬಲೆ ಎಳೆದು ಎಳೆದು ಅಂಗೈ ಹಲಗೆಯಾಗಿತ್ತು. ನಮ್ಮದು ಅಳಿಯಕಟ್ಟು. ಮನೆಯ ಯಜಮಾನಿಕೆ ಮಗನಿಗೆ ಹೋಗುವುದಿಲ್ಲ, ಅಕ್ಕನ ಮಗನಿಗೆ ಹೋಗುತ್ತದೆ. ನಾನೇ ಹಾಗೆ ಬಂದವ. ನನ್ನ ಮಾಮ ತನ್ನ ಸ್ವಂತ ಮಗ ಆನಂದನನ್ನು ಬಿಟ್ಟು ನನ್ನನ್ನು ಬೊಂಬಾಯಿಗೂ ಅಲ್ಲಿಂದ ಬಹರೈನಿಗೂ ದಾಟಿಸಿದ್ದರು. ನಾನು ಹೊರಟ ದಿನ ಬಸ್ಸಿಗೆ ನನ್ನ ಪೆಟ್ಟಿಗೆ ಏರಿಸಿದವ ಆನಂದನೇ. ಆಮೇಲೆ ಅವ ನನ್ನ ಮುಖ ನೋಡಿ ಮಾತಾಡಲಿಲ್ಲ. ಮಾಮ ಮಾಡಿದ್ದನ್ನು ನಾನು ಸದಾಶಿವನಿಗೆ ಮಾಡಬೇಕು. ಅದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾದ ವಿಷಯವೇ ಅಲ್ಲ.

ಊರಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಬಹರೈನಿನಲ್ಲೂ ಗೊತ್ತಿರುತ್ತದೆ ಎಂದುಕೊಂಡದ್ದೇ ನನ್ನ ಎಡವಟ್ಟು.

ರಮಾದಾನ್ ತಿಂಗಳು. ಜವಾಜಾತಿನಲ್ಲಿ, ಅಂದರೆ ಪಾಸ್‌ಪೋರ್ಟಿನ ಕಚೇರಿಯಲ್ಲಿ, ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಕೆಲಸ. ಹೊರಗೆ ಬೆಂಕಿಯಂಥ ಬಿಸಿಲು, ಗಂಟಲು ಒಣಗಿದ ಜನ, ಉದ್ದದ ಸಾಲು. ನಾನು ಇಬ್ಬರು ಹುಡುಗರನ್ನೂ ಕರೆದುಕೊಂಡು ಹೋಗಿದ್ದೆ. ಮೇಜಿನ ಹಿಂದೆ ಕೂತ ಚಿಕ್ಕ ವಯಸ್ಸಿನ ಆಫೀಸರ್ ಸದಾಶಿವನನ್ನು ತೋರಿಸಿ ಹಿಂದಿಯಲ್ಲಿ ಕೇಳಿದ, "ಇವ ನಿನಗೆ ಏನಾಗಬೇಕು?"

"ಅಕ್ಕನ ಮಗ, ಸಾಬ್. ಮನೆಯವ. ಇವನನ್ನೂ ನನ್ನ ಫ್ಯಾಮಿಲಿ ವೀಸಾಕ್ಕೆ ಸೇರಿಸಿಕೊಡಿ."

"ಅಕ್ಕನ ಮಗ ಫ್ಯಾಮಿಲಿ ಅಲ್ಲ. ವಿಸಿಟ್ ಮುಗಿದ ಮೇಲೆ ವಾಪಸ್ ಹೋಗಬೇಕು."

ನನಗೆ ರೋಷ ಉಕ್ಕಿತು. ಅಕ್ಕನ ಮಗ ಫ್ಯಾಮಿಲಿ ಅಲ್ಲವಂತೆ! ನಾನು ಮೇಜಿನ ಮೇಲೆ ಬಾಗಿ, ಗೊತ್ತಿದ್ದ ಹಿಂದಿಗೆ ಗೊತ್ತಿದ್ದ ಅರಬ್ಬಿ ಬೆರೆಸಿ, ಅವನಿಗೆ ನಮ್ಮ ಕಟ್ಟು ಕಲಿಸಲು ಹೊರಟೆ.

"ಸಾಬ್, ನಮ್ಮಲ್ಲಿ ಇವನೇ ಫ್ಯಾಮಿಲಿ. ನನ್ನ ನಂತರ ಎಲ್ಲ ಇವನಿಗೆ. ಮಗ ಅವನ ಅಮ್ಮನ ಕುಟುಂಬದವ."

"ಮಗ ನಿನ್ನ ಕುಟುಂಬ ಅಲ್ವಾ?"

"ಅಲ್ಲ, ಸಾಬ್," ಎಂದೆ, ಬಹಳ ಹೆಮ್ಮೆಯಿಂದ.

ಆಫೀಸರ್ ನನ್ನ ಫೈಲು ಬಿಡಿಸಿದ. ದಿನೇಶನ ಫೋಟೋ ನೋಡಿದ, ಹಿಂದೆ ನಿಂತಿದ್ದ ದಿನೇಶನನ್ನು ನೋಡಿದ, ನನ್ನನ್ನು ನೋಡಿದ. "ಹಾಗಾದರೆ ಈ ಹುಡುಗ ಇಷ್ಟು ವರ್ಷ ನಿನ್ನ ವೀಸಾದಲ್ಲಿ ಯಾಕೆ ಇದ್ದಾನೆ? ಯಾರ ಮಗ ಇವ?"

ನಾನು ಹಿಂದಿಯಲ್ಲಿ ಮಾತು ಹುಡುಕುವಷ್ಟರಲ್ಲಿ ದಿನೇಶ ಮುಂದೆ ಬಂದು ಓಣಿಯ ಅರಬ್ಬಿಯಲ್ಲಿ ಏನೇನೋ ಹೇಳಿದ. ಆಫೀಸರ್ ಕೇಳಲಿಲ್ಲ. ಮೂರೂ ಪಾಸ್‌ಪೋರ್ಟ್ ಡ್ರಾಯರಿಗೆ ಹಾಕಿ, "ಕಫೀಲನನ್ನು ಕರೆದುಕೊಂಡು ಬಾ," ಎಂದು ಮುಂದಿನವನನ್ನು ಕರೆದ.

ಮನೆಯಲ್ಲಿ ಲೀಲಾ ಕೇಳಿಸಿಕೊಂಡು ತಲೆಗೆ ಕೈಹೊತ್ತು ಕೂತಳು. "ದೇವರು ನಿಮಗೆ ಬಾಯಿ ಕೊಟ್ಟದ್ದು ಊಟಕ್ಕೆ ಮಾತ್ರ ಆಗಿದ್ದರೆ ಸಾಕಿತ್ತು. ಕೇಳಿದಷ್ಟೇ ಹೇಳ್ಲಿಕ್ಕೆ ಆಗುದಿಲ್ವಾ ನಿಮಗೆ? ಹೆತ್ತ ಮಗನನ್ನೇ ನಮ್ಮವ ಅಲ್ಲ ಅಂತ ಸರ್ಕಾರದ ಎದುರು ಹೇಳಿ ಬಂದಿರಲ್ಲ!"

"ಅದು ಹಾಗಲ್ಲ ಮಾರಾಯ್ತಿ..."

"ಮತ್ತೆ ಹೇಗೆ? ಅವ ಅಪ್ಪ ಅಂತ ಕರೆಯುವುದು ಯಾರನ್ನು?"

ದಿನೇಶ ಮೂಲೆಯಲ್ಲಿ ಕೂತು ಗೋಡೆ ನೋಡುತ್ತಿದ್ದ. ಆ ನೋಟ ನನಗೆ ಈಗಲೂ ನೆನಪಿದೆ.

ಮರುದಿನ ಅರಬಾಬ್ ಬಂದು, ಉಪವಾಸದ ಬಾಯಲ್ಲೇ ಆಫೀಸರನ ಜೊತೆ ಮಾತಾಡಿ, ನಕ್ಕು ನಗಿಸಿ, "ಮೂಗು ನೋಡು, ಅಪ್ಪನದೇ ಮೂಗು," ಎಂದು ಪಾಸ್‌ಪೋರ್ಟ್ ಬಿಡಿಸಿಕೊಟ್ಟರು. ಆದರೆ ಆಫೀಸರ್ ಅರಬಾಬರಿಗೂ ಅದೇ ಹೇಳಿದ: ಒಬ್ಬನ ವಿಸಿಟ್ ಮುಗಿಯುತ್ತಾ ಬಂತು, ಇನ್ನೊಬ್ಬನಿಗೆ ಹದಿನೆಂಟು ತುಂಬುತ್ತಾ ಬಂತು, ಇಬ್ಬರಿಗೂ ದಾರಿ ಒಂದೇ, ಕೆಲಸದ ವೀಸಾ, ಇಲ್ಲವೆಂದರೆ ಊರು.

ಪಿಕಪ್ಪಿನಲ್ಲಿ ಹಿಂದಿರುಗುವಾಗ ಅರಬಾಬ್ ಸಲ್ಮಾಬಾದ್ ಹತ್ತಿರ ಬಂದಾಗ ಹೇಳಿದರು, "ಶೇಖರ್, ಗ್ಯಾರೇಜಿಗೆ ಒಂದು ವೀಸಾ ಸಿಗುತ್ತದೆ. ಒಂದೇ. ಯಾರ ಹೆಸರು ಬರೆಯಬೇಕು ಅಂತ ನೀನು ಹೇಳು. ನನ್ನನ್ನು ಕೇಳಬೇಡ."

ಅಲ್ಲಿಯ ತನಕ ಆ ಇಬ್ಬರು ಹುಡುಗರು ಒಂದೇ ಚಾಪೆಯಲ್ಲಿ ಮಲಗಿ ಕಿಸಕಿಸ ನಗುತ್ತಿದ್ದವರು. ದಿನೇಶ ಸದಾಶಿವನಿಗೆ ಅರಬ್ಬಿಯ ಬೈಗುಳ ಕಲಿಸುತ್ತಿದ್ದ. "ಬಂಗುಡೆ ಮೀನು ಯಾವುದು ಬೂತಾಯಿ ಯಾವುದು ಅಂತ ಗೊತ್ತಿಲ್ಲದವ ನಂಗೆ ಕಲಿಸ್ತಾನೆ!" ಎಂದು ಸದಾಶಿವ ಅವನ ತಲೆಗೆ ಮೊಟಕುತ್ತಿದ್ದ. ಒಂದೇ ವೀಸಾ ಎಂಬ ಮಾತು ಮನೆಯೊಳಗೆ ಬಂದದ್ದೇ, ನಗು ನಿಂತಿತು. ಚಾಪೆ ಒಂದೇ, ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಮಲಗಿದರು. ಊಟಕ್ಕೆ ಕೂತರೆ ಲೀಲಾ ಯಾರಿಗೆ ಮೊದಲು ಬಡಿಸಿದಳೆಂದು ನಾನು ನೋಡುತ್ತಿದ್ದೆ, ನಾನು ನೋಡುವುದನ್ನು ಅವಳು ನೋಡುತ್ತಿದ್ದಳು.

ಆಗ ನಮ್ಮಲ್ಲಿ ಅನೇಕರು ಕಾಗದ ಬರೆಯುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದೆವು. ನಾನು ಗಿರಿಜಕ್ಕನಿಗೆ ವಿಷಯ ಹೇಳಿ ಕಳಿಸಿದ್ದೆ. ಈದ್ ಹತ್ತಿರ ಬಂದಾಗ ಅವಳ ಉತ್ತರ ಬಂತು. ಟೇಪ್ ರೆಕಾರ್ಡರ್ ಸುತ್ತ ನಾವು ನಾಲ್ವರೂ ಕೂತೆವು. ಮೊದಲು ಕೋಳಿ ಕೂಗಿದ್ದು, ದೂರದಲ್ಲಿ ಸಮುದ್ರ, ಪಕ್ಕದ ಮನೆಯ ಹಸು ಕರು ಹಾಕಿದ ಸುದ್ದಿ. ಆಮೇಲೆ ಅವಳ ದನಿ ಇಳಿಯಿತು.

"ತಮ್ಮಾ, ಮಾಮ ನಿನ್ನನ್ನು ಕಳಿಸುವಾಗ ತನ್ನ ಮಗನ ಮುಖ ನೋಡ್ಲಿಲ್ಲ. ನೋಡಿದ್ದರೆ ನೀನು ಇವತ್ತು ಎಲ್ಲಿರ್ತಿದ್ದಿ? ನನಗೆ ಹೇಳ್ಲಿಕ್ಕೆ ಬೇರೆ ಎಂತ ಇಲ್ಲ. ಸದಾಶಿವಾ, ಮಾಮಿಗೆ ಕಷ್ಟ ಕೊಡ್ಬೇಡ ಮಗಾ."

ಸದಾಶಿವ ಎದ್ದು ಟೇಪ್ ನಿಲ್ಲಿಸಿದ. "ಮಾಮ, ನಾನು ವಾಪಸ್ ಹೋಗ್ತೇನೆ. ನಂಗೆ ದೋಣಿ ಉಂಟು."

"ದೋಣಿ ಯಾರದ್ದು? ನಿಂದಾ?" ಎಂದ ದಿನೇಶ. ವ್ಯಂಗ್ಯವೋ ಕನಿಕರವೋ ಅವನಿಗೇ ಗೊತ್ತಿರಲಿಲ್ಲವೇನೋ. ಸದಾಶಿವ ಅವನ ಕಾಲರ್ ಹಿಡಿದ. ನಾನು ನಡುವೆ ನುಗ್ಗಬೇಕಾಯಿತು.

ಈದ್ ಹಿಂದಿನ ದಿನ ಮಧ್ಯಾಹ್ನ. ಲೀಲಾ ಅಡುಗೆಮನೆಯಲ್ಲಿ ಸಾಫಿ ಮೀನು ಹೆಚ್ಚುತ್ತಿದ್ದಳು. ಹುಡುಗರು ಹೊರಗೆ ಹೋಗಿದ್ದರು, ಬೇರೆ ಬೇರೆ ದಿಕ್ಕಿಗೆ. ನಾನು ಬಾಗಿಲಿಗೆ ಒರಗಿ, "ಅರಬಾಬರಿಗೆ ಏನು ಹೇಳುವುದು ಲೀಲಾ? ಇರುವುದು ಒಂದು ಜಾಗ," ಎಂದೆ.

ಅವಳು ಕತ್ತಿಯಿಂದ ಕಣ್ಣೆತ್ತಲಿಲ್ಲ. "ಒಂದು ಅಂತ ಯಾಕೆ ಹೇಳ್ತೀರಿ? ಎರಡು ಉಂಟು."

"ಎಲ್ಲಿ?"

"ಇನ್ನೊಂದರಲ್ಲಿ ನೀವು ಕೂತಿದ್ದೀರಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಬಿಟ್ಟು ಹೋಗಬೇಕಂತೆ! ನಲವತ್ತು ದಾಟಿದ್ದು ನಿನ್ನೆ ಮೊನ್ನೆ, ತೋಳಲ್ಲಿ ಶಕ್ತಿ ಇತ್ತು, ಓಣಿಯಲ್ಲಿ ಹೆಸರಿತ್ತು. ಚಪ್ಪಲಿ ಮೆಟ್ಟಿ ಗ್ಯಾರೇಜಿಗೆ ಹೋದೆ. ಒಂದು ಪಿಕಪ್ಪಿನ ಮಡ್‌ಗಾರ್ಡಿಗೆ ಬಡಿದೆ, ಬಡಿದೆ, ಸಮ ಮಾಡುವ ಬದಲು ಇನ್ನಷ್ಟು ಹಾಳು ಮಾಡಿದೆ. ಕೊನೆಗೆ ಸುತ್ತಿಗೆ ಇಟ್ಟು ಕೂತಾಗ ಕಣ್ಣ ಮುಂದೆ ಬಂದವ ಆನಂದ. ಬಸ್ಸಿನ ಮೇಲೆ ನನ್ನ ಪೆಟ್ಟಿಗೆ ಹಗ್ಗದಿಂದ ಬಿಗಿಯುತ್ತಿದ್ದ ಆನಂದ. ನಮ್ಮಲ್ಲಿ ಯಜಮಾನ ಅಳಿಯನಿಗೆ ಜಾಗ ಬಿಡಬೇಕು, ಸರಿ. ಆದರೆ ಮಾಮ ಬಿಟ್ಟುಕೊಟ್ಟದ್ದು ತನ್ನ ಜಾಗವನ್ನಲ್ಲ, ಮಗನ ಜಾಗವನ್ನು.

ಸಂಜೆ ಉಪವಾಸ ಬಿಡುವ ಬಾಂಗ್ ಆಯಿತು. ಅರಬಾಬ್ ಖರ್ಜೂರದ ತಟ್ಟೆ ನನ್ನ ಕಡೆ ಸರಿಸಿದರು. ನನ್ನ ಜಾಗವನ್ನೂ ಬಿಡುತ್ತೇನೆ, ಇಬ್ಬರ ಹೆಸರೂ ಬರೆಯಿರಿ ಎಂದೆ. ಅವರು ಬಾಯಲ್ಲಿದ್ದ ಬೀಜವನ್ನು ತೆಗೆದು ಕೈಯಲ್ಲೇ ಹಿಡಿದು ಕೂತರು.

"ನಿನಗೆ ತಲೆ ಸರಿ ಉಂಟಾ? ನೀನು ಹೋದರೆ ನನ್ನ ಗ್ಯಾರೇಜು? ಆ ಎರಡು ಮಕ್ಕಳು ಸೇರಿದರೆ ಒಬ್ಬ ಶೇಖರ್ ಆಗುತ್ತಾನಾ?"

"ಆಗುತ್ತಾನೆ," ಎಂದೆ. ಎಲ್ಲಿಂದ ಆ ಧೈರ್ಯ ಬಂತೋ.

"ತೋರಿಸು. ನನ್ನ ಭಾವನ ಕಾರು ಬಂದು ಬಿದ್ದಿದೆ. ಬಾಗಿಲು ಹಪ್ಪಳ. ನೀನು ಕೈ ಹಾಕಬಾರದು. ನನ್ನ ಅಂಗೈಗೆ ಗುರುತು ಸಿಗದ ಹಾಗೆ ಅವರಿಬ್ಬರೇ ಮಾಡಿದರೆ, ಒಬ್ಬನಿಗೆ ಹೊಸ ವೀಸಾ, ಇನ್ನೊಬ್ಬನಿಗೆ ನಿನ್ನ ಜಾಗ. ಇಲ್ಲವೆಂದರೆ ಒಬ್ಬ ಊರಿಗೆ."

ಹುಡುಗರಿಗೆ ಹೇಳಿದಾಗ ಇಬ್ಬರೂ ನನ್ನ ಮುಖವನ್ನೇ ನೋಡಿದರು. ದಿನೇಶ, "ನೀವು ಹೋಗ್ತೀರಾ? ಅಮ್ಮನೂ?" ಎಂದ. ಹೌದೆಂದೆ. ಅಪ್ಪ ಹೋದರೆ ಅಮ್ಮನಿಗೂ ಇಲ್ಲಿ ವೀಸಾ ಇಲ್ಲ.

ತಗಡಿನ ಕೆಲಸಕ್ಕೆ ಒಂದು ರೀತಿ ಉಂಟು. ರಜೆಯಲ್ಲಿ ನನ್ನ ಜೊತೆ ಗ್ಯಾರೇಜಿಗೆ ಬರುತ್ತಿದ್ದ ದಿನೇಶನಿಗೆ ಅದು ಸ್ವಲ್ಪ ಗೊತ್ತಿತ್ತು, ಸದಾಶಿವನಿಗೆ ನಾನು ಬಾಯಲ್ಲೇ ಹೇಳಿಕೊಟ್ಟೆ. ಒಬ್ಬ ಹೊರಗಿನಿಂದ ಸುತ್ತಿಗೆ ಹೊಡೆಯುತ್ತಾನೆ. ಇನ್ನೊಬ್ಬ ಒಳಗಿನಿಂದ ಅದೇ ಜಾಗಕ್ಕೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಾನೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಶಬ್ದದ ಮೇಲೆಯೇ ನಡೆಯಬೇಕು. ವಿಸಿಟ್‌ನಲ್ಲಿ ಬಂದವ ಕೆಲಸ ಮಾಡುತ್ತಿರುವುದು ಕಂಡರೆ ಹಿಡಿದು ನೇರ ವಿಮಾನ ಹತ್ತಿಸುತ್ತಾರೆ. ಹಾಗಾಗಿ ಸದಾಶಿವ ಕಾರಿನ ಒಳಗೆ, ದಿನೇಶ ಹೊರಗೆ. ಮೊದಮೊದಲು ಇಬ್ಬರ ಸಿಟ್ಟೂ ತಗಡಿನ ಮೇಲೆಯೇ. ಒಬ್ಬ ಒಂದು ಕಡೆ ಹೊಡೆದರೆ ಇನ್ನೊಬ್ಬನ ಡಾಲಿ ಇನ್ನೊಂದು ಕಡೆ. ಬಾಗಿಲು ಹುಣ್ಣು ಬಿದ್ದ ಮೈಯ ಹಾಗಾಯಿತು. ನಾನು ದೂರ ಕೂತು ಕೈ ಹಿಸುಕಿಕೊಂಡೆ.

ಹಾಗಿರುವಾಗ, ಈದ್ ಕಳೆದ ಮೇಲೆ, ಒಂದು ದಿನ ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಬಿಳಿ ಜೀಪೊಂದು ಓಣಿಗೆ ತಿರುಗಿತು. ವೀಸಾ ತಪಾಸಣೆಯವರು. ಜೀಪು ನಮ್ಮ ಗ್ಯಾರೇಜಿನ ಮುಂದೆಯೇ ನಿಂತಿತು. ದಿನೇಶ ಸುಮ್ಮನೆ ನಿಂತಿದ್ದರೂ ಸಾಕಿತ್ತು. ಅವರೇ ಒಳಗೆ ಇಣುಕುತ್ತಿದ್ದರು, ಸದಾಶಿವನನ್ನು ಎಳೆಯುತ್ತಿದ್ದರು, ಒಂದು ವೀಸಾಕ್ಕೆ ಒಬ್ಬನೇ ಹುಡುಗ ಉಳಿಯುತ್ತಿದ್ದ. ಅಪ್ಪ ಅಮ್ಮ ಎಲ್ಲೂ ಹೋಗಬೇಕಾಗಿಯೂ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ದಿನೇಶ ಸುತ್ತಿಗೆಯನ್ನು ಕಾಲಿನಿಂದ ಕಾರಿನಡಿಗೆ ತಳ್ಳಿದ. ಕೊಡವಿ ಹಾಕುವವನ ಹಾಗೆ ಟಾರ್ಪಾಲನ್ನು ಎತ್ತಿ ಇಡೀ ಕಾರಿನ ಮೇಲೆ ಎಳೆದ. ಆಮೇಲೆ ತಿರುಗಿ, "ಅಸ್ಸಲಾಮು ಅಲೈಕುಂ," ಎಂದು ಅವರತ್ತ ನಡೆದ. ಅಪ್ಪನನ್ನು ನೋಡಲು ಬಂದೆ ಎಂದ. ಹಿಂದಿನ ದಿನದ ಫುಟ್‌ಬಾಲ್ ತೆಗೆದ. ಯಾವ ಕ್ಲಬ್ಬು, ಯಾರ ಗೋಲು, ರೆಫ್ರಿಗೆ ಕಣ್ಣು ಕಾಣುವುದಿಲ್ಲ ಎಂದೆಲ್ಲ ಓಣಿಯ ಅರಬ್ಬಿಯಲ್ಲಿ ಕೈ ಆಡಿಸಿ ಹೇಳತೊಡಗಿದ. ಬಂದವರಲ್ಲಿ ಒಬ್ಬ ನಕ್ಕು ಎದುರುತ್ತರ ಕೊಟ್ಟ. ಮಾತು ಮುಗಿಯಲೇ ಇಲ್ಲ. ಟಾರ್ಪಾಲಿನಡಿ, ಗಾಜು ಏರಿಸಿದ ಕಾರಿನೊಳಗೆ, ಆ ಬಿಸಿಲಿನಲ್ಲಿ ನನ್ನ ಅಕ್ಕನ ಒಬ್ಬನೇ ಮಗ. ನಾನು ಕಾಪುವಿನ ಮಾರಿಯಮ್ಮನಿಗೆ ಏನೇನು ಹರಕೆ ಹೇಳಿದೆನೋ.

ಜೀಪು ತಿರುವಿನಲ್ಲಿ ಮರೆಯಾದಾಗ ನಾನು ಓಡಿ ಬಂದೆ. ದಿನೇಶ ಅಷ್ಟರಲ್ಲಿ ಟಾರ್ಪಾಲು ಕಿತ್ತು ಬಾಗಿಲು ತೆರೆದಿದ್ದ. ಸದಾಶಿವ ನೆಲಕ್ಕೆ ಉರುಳಿದ, ಮೈಯೆಲ್ಲ ನೀರು, ಕಣ್ಣು ಕೆಂಡ. ದಿನೇಶ ಅವನ ತಲೆಗೆ ನೀರು ಸುರಿದ.

"ಎಂತ ಮಾರಾಯ, ಬೇಯಿಸಿದ ಬೂತಾಯಿ ಹಾಗೆ ಕಾಣ್ತಿ," ಎಂದ.

ಸದಾಶಿವ ಏದುಸಿರಿನಲ್ಲಿ, "ಅಂತೂ ನಿಂಗೆ ಬೂತಾಯಿ ಗುರುತು ಸಿಕ್ಕಿತಲ್ಲ," ಎಂದ.

ಇಬ್ಬರೂ ನಕ್ಕರು. ನಾನು ಮುಖ ತಿರುಗಿಸಿ ನಿಂತೆ. ಆ ದಿನದಿಂದ ಶಬ್ದ ಬದಲಾಯಿತು. ಟಕ್ ಎಂದರೆ ಟಕ್. ಸುತ್ತಿಗೆ ಹೋದಲ್ಲಿ ಡಾಲಿ.

ಅರಬಾಬ್ ಬಂದ ದಿನ ಕಾರಿಗೆ ಬಣ್ಣವೂ ಆಗಿತ್ತು. ಅವರು ಕಣ್ಣು ಮುಚ್ಚಿ ಅಂಗೈಯನ್ನು ಬಾಗಿಲಿನ ಮೇಲೆ ಇಟ್ಟು ನಿಧಾನ ಎಳೆದರು. ಒಂದು ಕಡೆ ಕೈ ನಿಂತಿತು. ಮತ್ತೆ ಹಿಂದೆ ಬಂತು. ಮತ್ತೆ ಅಲ್ಲೇ ನಿಂತಿತು. ಸದಾಶಿವ ದಿನೇಶನ ತೋಳು ಹಿಡಿದುಕೊಂಡ. ಅರಬಾಬ್ ಕಣ್ಣು ತೆರೆದು ನನ್ನನ್ನು ನೋಡಿದರು.

"ಇಲ್ಲಿ ಸ್ವಲ್ಪ ಉಂಟು," ಎಂದರು. "ಆದರೆ ಶೇಖರ್, ನಿನ್ನ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಇರುತ್ತಿತ್ತು. ನಾನು ಹೇಳುತ್ತಿರಲಿಲ್ಲ, ಅಷ್ಟೇ."

ಸಿಕ್ಕಿದ್ದ ವೀಸಾ ದಿನೇಶನಿಗಾಯಿತು. ನನ್ನ ವೀಸಾ ರದ್ದಾಗಿ, ಆ ಜಾಗದ ಹೊಸ ವೀಸಾ ಸದಾಶಿವನಿಗೆ ಬರಬೇಕು. ಅದಕ್ಕೆ ಅವ ಒಮ್ಮೆ ಊರಿಗೆ ಹೋಗಿಯೇ ಬರಬೇಕು. ಕೈಯಲ್ಲಿ ಇದ್ದದ್ದು ಅರಬಾಬರ ಮಾತು ಮಾತ್ರ. ನಾನು, ಲೀಲಾ, ಸದಾಶಿವ ಹೊರಟೆವು. ವಿಮಾನ ನಿಲ್ದಾಣದಲ್ಲಿ ದಿನೇಶ ನಮ್ಮ ಪೆಟ್ಟಿಗೆಗಳಿಗೆ ಹಗ್ಗ ಬಿಗಿದ. ಲೀಲಾ ಗಾಜಿನಾಚೆಯಿಂದ ಅವನನ್ನು ನೋಡುತ್ತಾ ಕುತ್ತಿಗೆ ನೋಯುವ ತನಕ ಹಿಂದಕ್ಕೆ ತಿರುಗಿಯೇ ನಡೆದಳು.

ಊರಲ್ಲಿ ಕಾದೆವು. ಮಳೆ ನಿಂತಿತು, ದೋಣಿಗಳು ನೀರಿಗಿಳಿದವು. ವೀಸಾ ಬರಲಿಲ್ಲ. "ಇದ್ದದ್ದನ್ನೂ ಕಳೆದುಕೊಂಡ," ಎಂದು ಜನ ನನ್ನ ಬೆನ್ನ ಹಿಂದೆ ಹೇಳುವುದು ಕೇಳಿಸುತ್ತಿತ್ತು. ಗಿರಿಜಕ್ಕ ನನ್ನನ್ನು ಕಂಡಾಗಲೆಲ್ಲ ಸೆರಗಿನಿಂದ ಮುಖ ಒರೆಸುತ್ತಿದ್ದಳು. ಒಂದು ಮಧ್ಯಾಹ್ನ ಅಂಗಳದಲ್ಲಿ ಸೈಕಲ್ ನಿಂತಿತು. ಇಳಿದವ ಆನಂದ, ಮಾಮನ ಮಗ. ಪೇಟೆಯಲ್ಲಿ ಬ್ಯಾರಿಯೊಬ್ಬರು ಬಹರೈನಿನಿಂದ ವೀಸಾದ ಲಕೋಟೆ ತಂದಿದ್ದರಂತೆ, ನಮ್ಮ ಮನೆ ಯಾವುದೆಂದು ಕೇಳಿದ್ದಕ್ಕೆ ಇವನೇ ತೆಗೆದುಕೊಂಡನಂತೆ. ಲಕೋಟೆ ನನ್ನ ಕೈಗಿಟ್ಟು, "ಎರಡೂ ಹುಡುಗರಿಗೆ ಆಯ್ತಂತಲ್ಲ," ಎಂದ. ಎಷ್ಟೋ ವರ್ಷದ ನಂತರ ನನ್ನ ಮುಖ ನೋಡಿ ಆಡಿದ ಮಾತು. ಆಮೇಲೆ ಕೂತು ಚಹಾ ಕುಡಿದೇ ಹೋದ.

ಸದಾಶಿವ ಹೋದ ಮೇಲೆ ಒಂದು ಕ್ಯಾಸೆಟ್ ಬಂತು. ಅದರಲ್ಲಿ ಮೊದಲು ಮಾತೇ ಇರಲಿಲ್ಲ. ಬರೀ ಟಕ್, ಟಕ್, ಟಕ್. ಲೀಲಾ ಅದನ್ನೇ ಮತ್ತೆ ಮತ್ತೆ ಹಾಕಿಸಿ ಕೇಳಿದಳು.

"ನಿಮಗೆ ಇವರು ಏನಾಗ್ಬೇಕು?"

ನಾನು ಬೆಚ್ಚಿಬಿದ್ದೆ. ಹಮೀದ್ ಸುತ್ತಿಗೆ ಕೆಳಗಿಟ್ಟು ಅಶ್ವಿನಿಯನ್ನು ತೋರಿಸಿ ಕೇಳುತ್ತಿದ್ದ. ಆ ಆಫೀಸರ್ ಕೇಳಿದ ಪ್ರಶ್ನೆಯೇ.

"ಮೊಮ್ಮಗಳು," ಎಂದೆ.

"ಅದು ಆಗಲೇ ಹೇಳಿದ್ರಿ. ಮಗನ ಮಗಳಾ, ಮಗಳ ಮಗಳಾ?"

ನಾನು ಬಾಯಿ ತೆರೆದೆ. ಪಕ್ಕದ ಕುರ್ಚಿಯಿಂದ ಲೀಲಾ ಮೊಣಕೈ ಚಿವುಟಿದಳು. "ಕೇಳಿದಷ್ಟೇ ಹೇಳಿ."

"ಮೊಮ್ಮಗಳು ಮಾರಾಯ, ಮೊಮ್ಮಗಳು!" ಎಂದೆ. ಇಡೀ ಓಣಿಗೆ ಕೇಳಿಸಿರಬೇಕು.

ನಿಮಗಾದರೆ ಹೇಳುತ್ತೇನೆ. ಅವಳು ಸದಾಶಿವನ ಮಗಳು. ಅವನೂ ದಿನೇಶನೂ ಈಗ ಊರಿನಲ್ಲಿ ಒಂದೇ ಗ್ಯಾರೇಜು ಇಟ್ಟುಕೊಂಡು, ಇಡೀ ದಿನ ಜಗಳವಾಡಿಕೊಂಡು ಇದ್ದಾರೆ. ಮತ್ತೆ ಅವಳ ಕಾರಿಗೆ ಗುದ್ದಿದವ ಯಾರು ಅಂದುಕೊಂಡಿರಿ? ದಿನೇಶನ ಮಗ. ಅವಳ ಮಹಡಿಯಲ್ಲೇ, ಎದುರು ಬಾಗಿಲಲ್ಲಿ ಇದ್ದಾನೆ. ನಾವು ಬಂದಿಳಿದ ಸಂಭ್ರಮದಲ್ಲಿ, ಹಿಂದೆ ನೋಡದೆ ರಿವರ್ಸ್ ತೆಗೆದ.